ಹೊಲಿಗೆ ಮಿಷನ್ನು ಹೊತ್ತು ತಂದ ಕೇ ವ್ಯಾನು

ಅಟ್ಲಾಂಟಾ ವಿಮಾನ ನಿಲ್ದಾಣದ ತೂಕದ ಯಂತ್ರದ ಮೇಲೆ ನನ್ನ ಪೆಟ್ಟಿಗೆ ಇಟ್ಟಾಗ ನಲವತ್ತೊಂಬತ್ತು ಪೌಂಡು ತೋರಿಸಿತು. ಐವತ್ತರವರೆಗೆ ಬಿಡುತ್ತಾರೆ. ಒಳಗೆ ಇದ್ದದ್ದು ಹೊಲಿಗೆ ಮಿಷನ್ನು, ಎರಡು ಹಳೆಯ ಕಾಟನ್ ಸೀರೆಗಳಲ್ಲಿ ಬಾಣಂತಿಯ ಕೂಸಿನ ಹಾಗೆ ಸುತ್ತಿದ್ದು. ಅದರ ಸುತ್ತ ದಾರದ ಉಂಡೆ, ಕತ್ತರಿ, ಇಸ್ತ್ರಿ ಪೆಟ್ಟಿಗೆ. ನಮ್ಮಿಬ್ಬರ ಬಟ್ಟೆಬರೆ ನಮ್ಮವರ ಬೆನ್ನಿನ ಚೀಲಕ್ಕೆ ಹೋಗಿತ್ತು. ನಮ್ಮವರು ಎಂದರೆ ನನ್ನ ಗಂಡ ಶಿವಾನಂದ. ಸೇತುವೆ ಕಟ್ಟುವ ಇಂಜಿನಿಯರ್. ಬಾಲ್ಟಿಮೋರಿಗೆ ಟಿಕೆಟ್ ಒಬ್ಬರಿಗೆ ಎಂಬತ್ತೊಂಬತ್ತು ಡಾಲರ್. ಹೋಗುವ ಟಿಕೆಟ್ ಮಾತ್ರ ತೆಗೆದಿದ್ದೆ. ಬರುವುದು ಗಾಡಿಯಲ್ಲಿ, ಅದೂ ನಾನು ಇನ್ನೂ ಕೈಯಿಂದ ಮುಟ್ಟಿರದ ಗಾಡಿಯಲ್ಲಿ. ಮಿಷನ್ನು ಅದರೊಳಗೆ ಹಿಡಿಸುವುದನ್ನು ಕಣ್ಣಾರೆ ನೋಡದೆ ದುಡ್ಡು ಕೊಡುವವಳಲ್ಲ ನಾನು.

ಮೊದಲು ಗಾಡಿಯ ಕಥೆ ಹೇಳಿಬಿಡುತ್ತೇನೆ. ಜಪಾನಿನಲ್ಲಿ ಪುಟ್ಟ ಕಾರುಗಳಿಗೆಂದೇ ಒಂದು ಜಾತಿ ಇದೆ. ಅದಕ್ಕೆ ಕೇ ಎನ್ನುತ್ತಾರೆ. ಅವರ ಭಾಷೆಯಲ್ಲಿ ಹಗುರ ಎಂದರ್ಥವಂತೆ. ಉದ್ದ ಹನ್ನೊಂದು ಅಡಿ ಚಿಲ್ಲರೆ, ಅಗಲ ಐದು ಅಡಿಗೂ ಕಡಿಮೆ, ಎಂಜಿನ್ ಆರುನೂರ ಅರವತ್ತು ಸಿ.ಸಿ. ಇದನ್ನು ಮೀರಿದರೆ ಆ ಹೆಸರು ಸಿಗುವುದಿಲ್ಲ. ಊರಿನಲ್ಲಿ ಓಮ್ನಿ ವ್ಯಾನ್ ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ನಮ್ಮ ಓಮ್ನಿ ಇದೇ ಮನೆತನದ್ದು. ರಾಣೇಬೆನ್ನೂರಿನಿಂದ ಹುಬ್ಬಳ್ಳಿಗೆ ಬಂದು, ಒಂದು ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಹೊಲಿಗೆ ಅಂಗಡಿ ಇಟ್ಟ ಕಾಲದಲ್ಲಿ ಶಾಲೆಗಳ ಸಮವಸ್ತ್ರಗಳನ್ನು ನಾನೇ ಓಮ್ನಿಯಲ್ಲಿ ಹಾಕಿಕೊಂಡು ಹಂಚಿದವಳು. ಇಂತಹ ಗಾಡಿಗೆ ಇಪ್ಪತ್ತೈದು ವರ್ಷ ತುಂಬಿದ ಮೇಲೆ ಅಮೆರಿಕದೊಳಗೆ ಬಿಡುತ್ತಾರೆ. ನಂಬರ್ ಪ್ಲೇಟಿನ ವಿಷಯದಲ್ಲಿ ಒಂದೊಂದು ರಾಜ್ಯದ್ದು ಒಂದೊಂದು ತಕರಾರು. ಯಾರಾದರೂ ಕೊಳ್ಳುವುದಿದ್ದರೆ ಮೊದಲು ನಿಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಕಚೇರಿಗೆ ನಡೆದು ಹೋಗಿ, ಬಾಯಿಬಿಟ್ಟು ಕೇಳಿ, ಆಮೇಲೆ ದುಡ್ಡು ಕೊಡಿ. ನಾನು ಹಾಗೆಯೇ ಮಾಡಿದ್ದು.

ಅಟ್ಲಾಂಟಾ ಹತ್ತಿರದ ನಮ್ಮ ಸುವಾನಿಯಲ್ಲಿ ಮನೆಮನೆಗೆ ಹೋಗಿ ಸೀರೆಯ ಬ್ಲೌಸ್ ಹೊಲಿದುಕೊಡುವುದು ನನ್ನ ಕಸುಬು. ಮೊದಲು ಒಂದು ದೊಡ್ಡ ಬಿಳಿ ವ್ಯಾನ್ ಇತ್ತು. ನಮ್ಮ ಬಡಾವಣೆಯ ಸಂಘದವರು, ವ್ಯಾಪಾರದ ಗಾಡಿ ಮನೆ ಮುಂದೆ ಕಾಣಬಾರದು ಎಂದು ಗಂಟುಬಿದ್ದರು. ಗ್ಯಾರೇಜಿನೊಳಗೆ ಅದು ಹಿಡಿಸುತ್ತಿರಲಿಲ್ಲ. ಮಾರಿಬಿಟ್ಟೆ. ಕೇ ವ್ಯಾನ್ ಆದರೆ ನಮ್ಮವರ ಕಾರಿನ ಪಕ್ಕದಲ್ಲಿ ಆರಾಮವಾಗಿ ಒಳಗೆ ನಿಲ್ಲುತ್ತದೆ. ಬಾಗಿಲು ಎಳೆದರೆ ಸಂಘದವರಿಗೆ ಏನು ಕಂಡೀತು?

ಬಾಲ್ಟಿಮೋರಿನ ಬಂದರಿನ ಹತ್ತಿರ, ತಂತಿ ಬೇಲಿಯ ಬಯಲಿನಲ್ಲಿ ಹತ್ತಾರು ಪುಟ್ಟ ಗಾಡಿಗಳು ಸಾಲಾಗಿ ನಿಂತಿದ್ದವು. ಅವನ್ನು ಹಡಗಿನಲ್ಲಿ ತರಿಸಿ ಮಾರುವ ಡೇನಿಯಲ್ ಎಂಬಾತ ಟೋಪಿ ತೆಗೆದು ಕೈ ಕುಲುಕಿದ. ನನ್ನದು ಬೂದು ಬಣ್ಣದ್ದು. ಜಪಾನಿನಲ್ಲಿ ಅದು ಲಾಂಡ್ರಿಯ ವ್ಯಾನ್ ಆಗಿತ್ತಂತೆ. ಒಳಗೆ ಬಟ್ಟೆ ತೂಗುಹಾಕುವ ಉಕ್ಕಿನ ಸರಳು ಹಾಗೇ ಇತ್ತು. ಆ ಸರಳನ್ನು ನೋಡಿದಾಗ ನನ್ನ ಹೊಟ್ಟೆಯಲ್ಲಿ ಹಾಲು ಹುಯ್ದಂತಾಯಿತು, ಆದರೆ ಮುಖದಲ್ಲಿ ತೋರಿಸಲಿಲ್ಲ. ಮಾರುವವನ ಎದುರು ಮುಖ ಅರಳಿಸಿದರೆ ಅಲ್ಲಿಗೆ ಚೌಕಾಸಿ ಮುಗಿಯಿತು.

ಎಂಜಿನ್ ಸೀಟಿನ ಕೆಳಗೇ ಇರುತ್ತದೆ. ಸೀಟಿನ ಮೇಲೆ ಕೈ ಇಟ್ಟು ನೋಡಿದೆ; ಬೆಚ್ಚಗಿತ್ತು. ನಾವು ಬರುವ ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದ. ಬಿಸಿ ಎಂಜಿನ್ ತನ್ನ ರೋಗ ತೋರಿಸುವುದಿಲ್ಲ.

"ಇದು ತಣ್ಣಗಾಗಲಿ. ಆಮೇಲೆ ಸ್ಟಾರ್ಟ್ ಮಾಡಿ ತೋರಿಸು. ನಮಗೆ ಅವಸರವಿಲ್ಲ," ಎಂದೆ.

ಒಂದು ಗಂಟೆ ಅವನ ಬಾಗಿಲಿನ ಮುಂದೆ ಕುರ್ಚಿ ಹಾಕಿಕೊಂಡು ಕೂತೆವು. ಬೇರೆ ಗಿರಾಕಿಗಳು ಬಂದು ಹೋಗುವಾಗ ನಮ್ಮನ್ನೇ ನೋಡುತ್ತಿದ್ದರು. ತಣ್ಣಗಾದ ಮೇಲೂ ಎಂಜಿನ್ ಒಂದೇ ತಿರುವಿಗೆ ಹತ್ತಿತು. ಗಾಡಿ ಒಳ್ಳೆಯದೇ. ಆದರೂ ಬೆಲೆಯಲ್ಲಿ ಒಂದು ಡಾಲರನ್ನೂ ಇಳಿಸಲಾರೆ ಎಂದ. ಹಾಗೆ ಹೇಳುವವನ ಹತ್ತಿರ ಬೆಲೆಯ ಮಾತು ಬಿಟ್ಟು ಬೇರೆ ಕೇಳಬೇಕು. ಹೊಸ ಬ್ಯಾಟರಿ, ಎಂಜಿನ್ನಿನ ಹೊಸ ಬೆಲ್ಟು, ಹಿಂದಿನ ಎರಡು ಟೈರು ಕೇಳಿದೆ. ತಲೆ ಅಲ್ಲಾಡಿಸಿದ. ಗೇಟಿನ ತನಕ ನಡೆದೆ. ಕರೆದ. ಸಂಜೆ ನಾಲ್ಕಕ್ಕೆ ಮೂರೂ ಹೊಸದಾಗಿದ್ದವು.

"ಮ್ಯಾಮ್, ನೀವು ನನ್ನ ಹತ್ತಿರ ಕೆಲಸಕ್ಕೆ ಬರುತ್ತೀರಾ?" ಎಂದು ಕೇಳಿದ.

"ಸಂಬಳದ ಚೌಕಾಸಿಗೂ ಒಂದು ದಿನ ಹಿಡೀತದ ಅಂತ ಹೇಳು ಅವಂಗ," ಎಂದರು ನಮ್ಮವರು.

ಆ ರಾತ್ರಿ ಬಾಲ್ಟಿಮೋರಿನ ಹತ್ತಿರದ ಕೊಲಂಬಿಯಾ ಊರಿನಲ್ಲಿ ತಂಗಿದೆವು. ನಮ್ಮವರ ಚಿಕ್ಕಪ್ಪನ ಮಗ ಗಂಗಾಧರ ಅಲ್ಲಿ ಡಾಕ್ಟರು. ಅವನ ಮನೆ ಮುಂದೆ ನಿಂತಿದ್ದ ಕಾರು ನಮ್ಮ ವ್ಯಾನಿನ ಎರಡರಷ್ಟಿತ್ತು. ಹೊರಗೆ ಬಂದವನು ವ್ಯಾನಿನ ಸುತ್ತ ಪ್ರದಕ್ಷಿಣೆ ಹಾಕಿದ.

"ವೈನಿ, ಇದನ್ನ ನನ್ನ ಗಾಡಿ ಡಿಕ್ಕಿಯೊಳಗ ಇಟಗೊಂಡು ಸುವಾನಿ ಮಟಾ ಬಿಟ್ಟು ಬರ್ಲೇನ್ರೀ?"

"ನೀವು ಆ ಗಾಡಿ ನಿಲ್ಲಸಾಕ ಜಾಗ ಹುಡುಕೂದ್ರಾಗ ನಾ ಸುವಾನಿ ಮುಟ್ಟಿರ್ತೀನಿ ಡಾಕ್ಟ್ರ," ಎಂದೆ.

ಅವನ ಹೆಂಡತಿ ಚಪಾತಿ ಬಡಿಸುತ್ತಿದ್ದಾಗ ಫೋನು ಬಂತು. ಮಾತನಾಡಿದವರು ಉತ್ತರ ಕೆರೊಲಿನಾದ ಏಪೆಕ್ಸ್ ಊರಿನ ಪ್ರಭಾ, ಮೈಸೂರಿನ ಕಡೆಯವರು. ಎರಡು ತಿಂಗಳ ಹಿಂದೆ ಮಗಳ ಮದುವೆಯ ಬ್ಲೌಸುಗಳಿಗಾಗಿ ನನ್ನನ್ನು ವಿಚಾರಿಸಿ, ಕಡೆಗೆ ಬೆಂಗಳೂರಿನಲ್ಲೇ ಹೊಲಿಸುತ್ತೇವೆ ಎಂದು ಬಿಟ್ಟಿದ್ದರು. ಈಗ ಅವರ ದನಿ ಅಳುವುದಕ್ಕೆ ಅರ್ಧ ಅಂಗುಲ ಈಚೆಗಿತ್ತು.

"ಸುಮಾ ಅವ್ರೇ, ಕೈ ಮುಗೀತೀನಿ. ಬ್ಲೌಸ್ ಇವತ್ತು ನಮ್ಮ ನೆಂಟರ ಜೊತೆ ಬಂತು. ಮೇಘನಾಗೆ ತೋಳೇ ಎತ್ತೋಕಾಗ್ತಿಲ್ಲ. ಶನಿವಾರ ಬೆಳಿಗ್ಗೆ ಧಾರೆ. ಹುಡುಗ ಆರಡಿ ಎರಡಿಂಚು ಇದಾನೆ. ಜೀರಿಗೆ ಬೆಲ್ಲ ಹೇಗೆ ಹಾಕ್ತಾಳೆ ಹೇಳಿ?"

ಅವರ ಗಾಬರಿಗೆ ಅರ್ಥವಿತ್ತು. ನಡುವಿನ ಅಂತರಪಟ ಸರಿಯುತ್ತಲೇ ಗಂಡು ಹೆಣ್ಣು ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಇಡುತ್ತಾರೆ. ಇಡೀ ಮದುವೆಯಲ್ಲಿ ಎಲ್ಲರ ಕಣ್ಣು, ಎಲ್ಲ ಕ್ಯಾಮೆರಾಗಳು ಒಂದೇ ಕಡೆ ಇರುವ ಗಳಿಗೆ ಅದು. ಐದಡಿಯ ಹುಡುಗಿ ಆರಡಿ ಎರಡಿಂಚಿನವನ ನೆತ್ತಿ ಮುಟ್ಟಬೇಕು. ಕಂಕುಳಲ್ಲಿ ಹೊಲಿಗೆ ಬಿಟ್ಟರೆ ಜನ್ಮವಿಡೀ ಆ ಫೋಟೊ ಉಳಿಯುತ್ತದೆ.

"ಶುಕ್ರವಾರ ಮಧ್ಯಾಹ್ನ ನಿಮ್ಮ ಮನೆಯಲ್ಲಿರುತ್ತೇನೆ. ನೀವು ನಿದ್ದೆ ಮಾಡಿ," ಎಂದೆ.

ಫೋನು ಇಟ್ಟೊಡನೆ ನಮ್ಮವರು ಚಪಾತಿ ಬಿಟ್ಟು ನನ್ನ ಕಡೆ ತಿರುಗಿದರು. "ವ್ಯಾನ್ ಇಲ್ಲೇ ಬಿಡು. ಬಾಡಿಗಿ ಕಾರ್ ತೊಗೊಂಡ್ರ ನಾಳೆ ಸಂಜಿಗೇ ಅಲ್ಲಿರ್ತೇವಿ. ಹೆಣ್ಣುಮಗಳ ಮದಿವಿ ಐತಿ ಸುಮಾ. ನಿನ್ನ ಹಠಕ್ಕ ಅದನ್ನ ಪಣಕ್ಕಿಡಬ್ಯಾಡ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ನನ್ನ ಲೆಕ್ಕ ಬೇರೆ. ಮದುವೆ ಮನೆಯಲ್ಲಿ ಒಂದು ಮಿಷನ್ನು ಇಡಲು ಮೂರಡಿ ಜಾಗ ಸಿಗುವುದಿಲ್ಲ. ಒಂದು ಕೋಣೆಯಲ್ಲಿ ಹೂವು, ಇನ್ನೊಂದರಲ್ಲಿ ನೆಂಟರು, ಮತ್ತೊಂದರಲ್ಲಿ ಅಳುವ ಮಗು. ವ್ಯಾನ್ ಇದ್ದರೆ ಅಂಗಡಿಯೇ ಜೊತೆಗೆ ಬಂದಂತೆ. ಇದನ್ನು ಬಾಯಿಬಿಟ್ಟು ಹೇಳಿದೆ. ಹೇಳದೆ ಉಳಿಸಿಕೊಂಡದ್ದು ಇನ್ನೊಂದು: ಮದುವೆ ಮನೆಯ ಮುಂದೆ ನಿಂತ ಗಾಡಿಗಿಂತ ದೊಡ್ಡ ಜಾಹೀರಾತು ಈ ದೇಶದಲ್ಲಿ ಯಾವುದಿದೆ?

ಗುರುವಾರ ಬೆಳಿಗ್ಗೆ ಗಂಗಾಧರನೇ ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟ. ಆಪರೇಷನ್ ಮಾಡುವ ಕೈಯಿಂದಲೇ ಕುಂಕುಮ ಹಚ್ಚಿದ. ಹಣ್ಣುಗಳನ್ನು ಅರೆಯುತ್ತ ಹೊರಟೆವು.

ದಾರಿಯ ಬಗ್ಗೆ ಒಂದು ಮಾತು. ಇಂತಹ ಗಾಡಿಯನ್ನು ದೊಡ್ಡ ಇಂಟರ್‌ಸ್ಟೇಟ್ ರಸ್ತೆಗೆ ಇಳಿಸಬೇಡಿ. ಗಂಟೆಗೆ ಎಂಬತ್ತು ಮೈಲಿಯಲ್ಲಿ ಹೋಗುವ ಲಾರಿಗಳ ಗಾಳಿಗೇ ಪಕ್ಕದ ಗೆರೆಗೆ ಸರಿಯುತ್ತದೆ. ಕೊಲಂಬಿಯಾವನ್ನು ಹಾದುಹೋಗುವ ಇಪ್ಪತ್ತೊಂಬತ್ತನೇ ನಂಬರಿನ ಹಳೆಯ ಹೆದ್ದಾರಿ ವಾಷಿಂಗ್ಟನ್, ವರ್ಜೀನಿಯಾ, ಎರಡೂ ಕೆರೊಲಿನಾ ದಾಟಿ ಜಾರ್ಜಿಯಾದಲ್ಲಿ ನಮ್ಮ ಕೌಂಟಿಯೊಳಗೇ ಬರುತ್ತದೆ. ನಕ್ಷೆಯಲ್ಲಿ ಇದನ್ನು ಕಂಡುಹಿಡಿದವಳು ನಾನು; ರಸ್ತೆ ಸೇತುವೆಯಲ್ಲೇ ಜೀವನ ಕಳೆದ ನಮ್ಮವರಲ್ಲ. ಆ ಗೌರವ ನನಗೇ ಇರಲಿ.

ಸಿಲ್ವರ್ ಸ್ಪ್ರಿಂಗ್ ದಾಟಿ ವಾಷಿಂಗ್ಟನ್ನಿನೊಳಗೆ ಬಂದಾಗ ಹತ್ತೂವರೆ. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಪಕ್ಕದವರು ಫೋನು ಹಿಡಿದು ಚಿತ್ರ ತೆಗೆದರು. ಕೋಟು ತೊಟ್ಟ ಒಬ್ಬರು ಗಾಜು ಇಳಿಸಿ ಇದು ಎಲೆಕ್ಟ್ರಿಕ್ಕಾ ಎಂದು ಕೇಳಿದರು. ಅಲ್ಲ, ಜಪಾನಿನ ಅಜ್ಜಿ ಎಂದೆ. ಪೊಟೊಮ್ಯಾಕ್ ನದಿ ದಾಟಿ ಆರ್ಲಿಂಗ್ಟನ್ನಿಗೆ ಬಂದ ಮೇಲೆ ಬಿಸಿಲಿಗೂ ಕೆಳಗಿನ ಎಂಜಿನ್ನಿನ ಶಾಖಕ್ಕೂ ನಮ್ಮವರಿಗೆ ನಿದ್ದೆ ಹತ್ತಿತು. ಅವರು ಕೂತಿದ್ದು ಎಡಗಡೆ; ಇಲ್ಲಿಯ ಕಾರುಗಳಲ್ಲಿ ಡ್ರೈವರ್ ಕೂರುವ ಜಾಗ. ಸ್ಟಿಯರಿಂಗ್ ಇದ್ದದ್ದು ಬಲಗಡೆ, ನನ್ನ ಕೈಯಲ್ಲಿ. ಪಕ್ಕದ ಸಾಲಿನಲ್ಲಿ ಬರುತ್ತಿದ್ದ ಒಬ್ಬಾಕೆ, ಡ್ರೈವರ್ ಜಾಗದಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುವ ಗಂಡಸನ್ನು ಕಂಡು ಒಂದೇ ಸಮನೆ ಹಾರ್ನ್ ಹೊಡೆದಳು. ನಮ್ಮವರು ಬೆಚ್ಚಿ ಎದ್ದು ಎರಡೂ ಕೈಯಲ್ಲಿ ಇಲ್ಲದ ಸ್ಟಿಯರಿಂಗನ್ನು ಹಿಡಿಯಲು ಹೋದರು. ನಗುವಿಗೆ ನಾನು ಗೇರ್ ತಪ್ಪಿಸಿದೆ.

ಎಡಗಡೆ ಕೂತವರಿಗೆ ಕೆಲಸ ಕೊಟ್ಟರೆ ನಿದ್ದೆ ಬರುವುದಿಲ್ಲ. ಗಾಡಿಯಿಂದ ಇಳಿಯದೆ ಕೊಳ್ಳುವ ಕಾಫಿ ಕಿಟಕಿಯಲ್ಲಿ ಲೋಟ ಈಸಿಕೊಳ್ಳುವುದು, ದುಡ್ಡು ಕೊಡುವುದು, ಮುಂದಿನ ಲಾರಿಯ ಆಚೆ ದಾರಿ ಖಾಲಿಯೇ ಎಂದು ಹೇಳುವುದು ಅವರ ಪಾಲಿಗೆ ಬಿಟ್ಟೆ. "ಇಷ್ಟ ಓದಿ ಕಡೀಕ ಕ್ಲೀನರ್ ಆದ್ನಲ್ಲೋ," ಎಂದು ತಮಗೆ ತಾವೇ ಹೇಳಿಕೊಂಡರು. ವಾರೆಂಟನ್ ದಾಟಿದ ಮೇಲೆ ಏರು ಶುರುವಾಯಿತು. ಬಲಗಡೆ ನೀಲಿ ಬೆಟ್ಟಗಳು, ಮರಗಳಲ್ಲಿ ಅಕ್ಟೋಬರಿನ ಕೆಂಪು. ಸಪಾಟಿನಲ್ಲಿ ಐವತ್ತು ಮೈಲಿ, ಏರಿನಲ್ಲಿ ಮೂವತ್ತೈದು. ಮೂರನೇ ಗೇರಿನಲ್ಲಿ ಅದು ಹೊಲಿಗೆ ಮಿಷನ್ನಿನ ಹಾಗೆಯೇ ಸದ್ದು ಮಾಡುತ್ತಿತ್ತು, ನಿಲ್ಲಲಿಲ್ಲ. ಷಾರ್ಲಟ್ಸ್‌ವಿಲ್ ಬಳಿ ಗ್ಯಾಸ್ (ಇಲ್ಲಿ ಪೆಟ್ರೋಲಿಗೆ ಹಾಗೆನ್ನುತ್ತಾರೆ) ಹಾಕಿಸಿದಾಗ ನೋಡಿದರೆ ಗ್ಯಾಲನ್ನಿಗೆ ನಲವತ್ತು ಮೈಲಿ ಬಿದ್ದಿತ್ತು. ಸಂಜೆ ಲಿಂಚ್‌ಬರ್ಗಿನ ಮೋಟೆಲಿನಲ್ಲಿ ಎಪ್ಪತ್ತೊಂಬತ್ತರ ಕೋಣೆಯನ್ನು ಅರವತ್ತೆಂಟಕ್ಕೆ ಇಳಿಸಿ, ಗಂಗಾಧರನ ಮನೆಯ ಚಪಾತಿ, ನಮ್ಮ ಕಡೆ ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ ತಿಂದು ಮಲಗಿದೆವು.

ಶುಕ್ರವಾರ ಮಂಜಿನಲ್ಲೇ ಹೊರಟೆವು. ಡ್ಯಾನ್‌ವಿಲ್‌ನಲ್ಲಿ ನಮ್ಮ ಹೆದ್ದಾರಿ ಬಿಟ್ಟು, ಏಪೆಕ್ಸಿನ ಕಡೆಗೆ ದಕ್ಷಿಣಕ್ಕೆ ಹೋಗುವ ಎರಡೇ ಸಾಲಿನ ರಸ್ತೆ ಹಿಡಿದೆವು. ಉತ್ತರ ಕೆರೊಲಿನಾದ ಗಡಿ ದಾಟಿದ ಮೇಲೆ ಒಂದು ಸಣ್ಣ ಊರಿನ ಹೊರಗೆ ಗ್ಯಾಸ್ ಹಾಕಿಸಿದೆ. ಸುತ್ತಲೂ ಕೊಯ್ದ ಹೊಲ, ರಸ್ತೆಯಲ್ಲಿ ಒಂದು ನಾಯಿಯೂ ಇಲ್ಲ. ಗೇರ್ ಹಾಕಿ ರಸ್ತೆಗೆ ಇಳಿದೆ.

ಈ ದೇಶದಲ್ಲಿ ಇಷ್ಟು ವರ್ಷ ರಸ್ತೆಯ ಬಲಬದಿಯಲ್ಲೇ ಓಡಿಸಿದವಳು ನಾನು. ಹಿಂದಿನ ದಿನ ಇನ್ನೂರು ಮೈಲಿ ಇದೇ ವ್ಯಾನನ್ನು ಬಲಬದಿಯಲ್ಲೇ ತಂದವಳು. ಆದರೆ ಆಗ ಮುಂದೆ ಹಿಂದೆ ಗಾಡಿಗಳಿದ್ದವು; ಅವು ಹೋದಲ್ಲಿ ನಾನೂ ಹೋಗಿದ್ದೆ. ಇಲ್ಲಿ ಖಾಲಿ ರಸ್ತೆ, ಬಲಗಡೆ ಸ್ಟಿಯರಿಂಗ್, ಎಡಗೈಯಲ್ಲಿ ಗೇರು, ಮೊಣಕಾಲಿಗೆ ತಾಗುವ ಡ್ಯಾಷ್‌ಬೋರ್ಡು. ಕೈಕಾಲುಗಳು ನನ್ನನ್ನು ಕೇಳದೆ ಹುಬ್ಬಳ್ಳಿಗೆ ಹೋಗಿಬಿಟ್ಟವು. ನಾನು ಹಾಯಾಗಿ ಎಡಬದಿ ಹಿಡಿದು ಹೊರಟಿದ್ದೆ. ನಮ್ಮವರಿಗೂ ಏನೂ ತಪ್ಪು ಕಾಣಲಿಲ್ಲ. ಅವರೂ ಓಮ್ನಿಯಲ್ಲಿ ಓಡಾಡಿದವರೇ ಅಲ್ಲವೇ? ಫೋನಿನಲ್ಲಿ ದಾರಿ ನೋಡುತ್ತ, "ಇನ್ನ ಎರಡ ತಾಸು," ಎಂದರು.

ತಿರುವಿನಲ್ಲಿ ಮರದ ದಿಮ್ಮಿ ಹೇರಿದ ಲಾರಿ ಎದುರಿಗೇ ಬಂತು.

"ಸುಮಾ! ಲಾರಿ!"

ಎಡಕ್ಕೆ ಎಳೆದೆ. ಲಾರಿ ಹಾರ್ನ್ ಹೊಡೆಯುತ್ತ ಪಕ್ಕದಲ್ಲೇ ಹಾದು, ಮುಂದೆ ಹೋಗಿ ನಿಂತಿತು. ನಮ್ಮ ವ್ಯಾನಿನ ಎಡಗಡೆಯ ಚಕ್ರಗಳು ರಸ್ತೆ ಪಕ್ಕದ ಹುಲ್ಲಿನ ಚರಂಡಿಗೆ ಇಳಿದಿದ್ದವು. ನಮ್ಮವರು ಬಾಗಿಲಿಗೆ ಒರಗಿದ್ದರು, ನಾನು ಸ್ಟಿಯರಿಂಗಿಗೆ ನೇತಾಡುತ್ತಿದ್ದೆ. ಹಿಂದೆ ಸೂಜಿ ಡಬ್ಬಿ ಬಿಚ್ಚಿಕೊಂಡು ನೂರಾರು ಗುಂಡುಪಿನ್ನುಗಳು ಚೆಲ್ಲಿದ್ದವು. ಯಾರಿಗೂ ಏನೂ ಆಗಿರಲಿಲ್ಲ. ನನ್ನ ಮನಸ್ಸಿಗೆ ಮೊದಲು ಬಂದದ್ದು ತೋಳು ಎತ್ತಲಾಗದ ಆ ಹುಡುಗಿ. ಬಾಡಿಗೆ ಕಾರಿನಲ್ಲಿ ಬಂದಿದ್ದರೆ ನಿನ್ನೆ ಸಂಜೆಯೇ ಅವಳ ಹತ್ತಿರ ಇರುತ್ತಿದ್ದೆ.

ಲಾರಿಯವನು ಇಳಿದು ಬಂದ. ಬಿಳಿ ಗಡ್ಡದ, ಗೋಡೆಯಂಥ ಮನುಷ್ಯ. ವ್ಯಾನನ್ನು ನೋಡಿದ, ಸ್ಟಿಯರಿಂಗ್ ಇದ್ದ ಬದಿಯನ್ನು ನೋಡಿದ, ನನ್ನನ್ನು ನೋಡಿದ.

"ಮ್ಯಾಮ್, ಯಾವುದಾದರೂ ಒಂದು ದೇಶ ಆರಿಸಿಕೊಳ್ಳಿ," ಎಂದ.

ಎಳೆಯುವ ಲಾರಿ ಕರೆಸಿದರೆ ಒಂದೂವರೆ ಗಂಟೆಯಾದರೂ ಬೇಕು ಎಂದು ಗ್ಯಾಸ್ ಅಂಗಡಿಯಿಂದ ಓಡಿಬಂದವನು ಹೇಳಿದ. ನಾನು ಮದುವೆಯ ವಿಷಯ ಹೇಳಿದೆ. ಗಡ್ಡದವನು ಬಗ್ಗಿ ವ್ಯಾನಿನ ಅಡಿಯನ್ನು ನೋಡಿದ. "ಇದು ಎಷ್ಟು ತೂಕ?"

"ಒಂದು ಟನ್ನಿಗಿಂತ ಕಡಿಮೆ," ಎಂದರು ನಮ್ಮವರು. ಅಷ್ಟರಲ್ಲಿ ಅವರೊಳಗಿನ ಇಂಜಿನಿಯರ್ ಎಚ್ಚರಗೊಂಡಿದ್ದರು. "ಮೊದಲ ಹಿಂದಿನ ಮೂಲಿ, ಆಮ್ಯಾಲ ಮುಂದಿನ ಮೂಲಿ. ಒಮ್ಮೆಲೆ ಬ್ಯಾಡ. ಸುಮಾ, ಮಿಷನ್ ಇಳಸು."

ಮಿಷನ್ನನ್ನು ಎತ್ತಿ ಹುಲ್ಲಿನ ಮೇಲಿಟ್ಟೆ. ಲಾರಿಯವನು, ಅವನ ಜೊತೆಗಾರ, ಅಂಗಡಿಯವನು, ನಮ್ಮವರು ನಾಲ್ವರೂ ಸೇರಿ ಮೂರು ಎಣಿಸಿದರು. ಹಿಂದಿನ ಚಕ್ರ ರಸ್ತೆಗೆ ಬಂತು. ಮತ್ತೆ ಮೂರು ಎಣಿಸಿದರು. ಮುಂದಿನದೂ ಬಂತು. ಹಗುರ ಎಂಬ ಹೆಸರು ಸುಮ್ಮನೆ ಇಟ್ಟದ್ದಲ್ಲ ನೋಡಿ! ಗಂಗಾಧರನ ಗಾಡಿಯಾಗಿದ್ದರೆ ನಾವು ಇವತ್ತಿಗೂ ಅಲ್ಲೇ ಇರುತ್ತಿದ್ದೆವು. ಗಡ್ಡದವನಿಗೆ ದುಡ್ಡು ಕೊಡಲು ಹೋದರೆ ಕೈ ಅಡ್ಡ ಹಿಡಿದ. ಉಳಿದಿದ್ದ ಚಪಾತಿ, ಹಿಂಡಿ ಕೊಟ್ಟೆ, ತೆಗೆದುಕೊಂಡ.

ನಮ್ಮವರು ಬೈಯಲಿಲ್ಲ. ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ನನ್ನ ಗುರುತು ಹಾಕುವ ಸೀಮೆಸುಣ್ಣ ಕೇಳಿ ಈಸಿಕೊಂಡು, ಮುಂದಿನ ಗಾಜಿನ ಒಳಗಡೆ ನನ್ನ ಬದಿಗೆ ನಾಲ್ಕು ಹುಲ್ಲಿನ ಗೆರೆ, ತಮ್ಮ ಬದಿಗೆ ಒಂದು ಉದ್ದ ಗೆರೆ ಎಳೆದರು. "ನಿನ್ನ ಕಡೆ ಹುಲ್ಲು ಇರಬೇಕು. ನನ್ನ ಕಡೆ ನಡುವಿನ ಗೆರಿ. ಪ್ರತಿ ತಿರುವಿನ್ಯಾಗ ಕೇಳ್ತೀನಿ, ಉತ್ತರ ಕೊಡಬೇಕು."

ಏಪೆಕ್ಸಿನ ತನಕ ಅದೇ ನಡೆಯಿತು. "ಹುಲ್ಲು?" "ಹುಲ್ಲು." ಬಲಗಡೆ ಸ್ಟಿಯರಿಂಗಿನ ಗಾಡಿ ಕೊಳ್ಳುವ ನಮ್ಮ ಜನರಿಗೆ ನನ್ನ ಬುದ್ಧಿಮಾತು ಇಷ್ಟೇ: ಜಪಾನಿನ ಗಾಡಿಯಿಂದ ಭಯವಿಲ್ಲ, ನಿಮ್ಮ ಊರು ಕಲಿಸಿದ ಕೈಕಾಲಿನ ಮೇಲೆ ಕಣ್ಣಿಡಿ. ಪಕ್ಕದಲ್ಲಿ ಕೇಳುವವರು ಒಬ್ಬರಿರಲಿ.

ಒಂದೂವರೆಗೆ ಪ್ರಭಾ ಅವರ ಮನೆ ಮುಂದೆ ನಿಂತೆ. ಬಾಗಿಲಿಗೆ ತೋರಣ, ರಸ್ತೆಯ ಎರಡೂ ಬದಿಗೆ ದೊಡ್ಡ ದೊಡ್ಡ ಕಾರು. ಒಳಗೆ ನಾನು ಅಂದುಕೊಂಡಂತೆಯೇ ಸೂಜಿ ಇಡಲು ಜಾಗವಿರಲಿಲ್ಲ. ಪ್ರಭಾ ಓಡಿ ಬಂದರು.

"ಅಯ್ಯೋ, ಇದರಲ್ಲಿ ಬಂದ್ರಾ? ಇಷ್ಟು ದೂರ?"

"ಇದರಲ್ಲಿ ಬಂದದ್ದಕ್ಕೇ ಬಂದು ಮುಟ್ಟಿದೆವು," ಎಂದೆ. ಅದು ಎಷ್ಟು ನಿಜ ಎಂದು ನಮ್ಮವರಿಗೆ ಮಾತ್ರ ಗೊತ್ತಿತ್ತು.

ಗ್ಯಾರೇಜಿನಿಂದ ವೈರ್ ಎಳೆದು, ವ್ಯಾನಿನೊಳಗೆ ಹಲಗೆಯ ಮೇಲೆ ಮಿಷನ್ನು ಕೂರಿಸಿ, ಸೀರೆಯನ್ನು ಪರದೆಯಾಗಿ ಕಟ್ಟಿದೆ. ಮೇಘನಾ ಬ್ಲೌಸ್ ತೊಟ್ಟು ಬಂದಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ಕೈ ಎದೆಯ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು.

"ಆಂಟಿ, ಐ ಕಾಂಟ್ ಬ್ರೀದ್. ನಾನು ಊಟ ಬಿಟ್ಟಿದೀನಿ. ಸ್ಟಿಲ್ ಟೈಟ್."

"ಊಟ ಬಿಡಬೇಡಮ್ಮ. ಬ್ಲೌಸು ನಿನ್ನ ಮಾತು ಕೇಳಬೇಕು, ನೀನು ಅದರ ಮಾತಲ್ಲ."

ಬ್ಲೌಸಿನ ಪಕ್ಕದ ಅಂಚು ಮಗುಚಿ ಒಳಗಡೆ ನೋಡಿದೆ. ಬ್ಲೌಸ್ ಹೊಲಿಯುವವರು ಪಕ್ಕದಲ್ಲಿ ಒಳಗೆ ಒಂದೂವರೆ ಇಂಚಾದರೂ ಬಟ್ಟೆ ಬಿಟ್ಟಿರುತ್ತಾರೆ, ಮುಂದೆ ಬಿಚ್ಚಿ ಅಗಲ ಮಾಡಲು. ಇದರಲ್ಲಿ ಅದನ್ನು ನೀಟಾಗಿ ಕತ್ತರಿಸಿ ತೆಗೆದಿದ್ದರು. ಬಿಚ್ಚಲು ಏನೂ ಇರಲಿಲ್ಲ. ಅದೇ ರೇಷ್ಮೆಯ ತುಂಡು ಬೇರೆಲ್ಲಿಂದ ಬರಬೇಕು? ಪ್ರಭಾ, ಸೀರೆಯ ಒಳತುದಿಯಿಂದ ಕತ್ತರಿಸಿ ಎಂದರು. ಆದರೆ ಹೇಳುವಾಗಲೇ ಅವರ ಮುಖ ಬಾಡಿತ್ತು. ಧಾರೆಯ ಹಿಂದಿನ ದಿನ ಧಾರೆ ಸೀರೆಗೆ ಕತ್ತರಿ ಹಾಕುವುದು ನನ್ನಿಂದಲೂ ಆಗದ ಮಾತು.

ಮೇಘನಾಳ ತೋಳು ನೋಡಿದೆ. ಮೊಣಕೈವರೆಗೆ ಉದ್ದ ತೋಳು, ಅಂಚಿಗೆ ಜರಿ, ಒಳಗೆ ದಪ್ಪ ಮಡಿಕೆ.

"ನೋಡಮ್ಮ, ವ್ಯಾಪಾರ ಮಾಡೋಣ. ನೀನು ಎರಡು ಇಂಚು ತೋಳು ಕೊಡು. ನಾನು ನಿನಗೆ ಉಸಿರು ಕೊಡುತ್ತೇನೆ."

"ಎಲ್ಬೋ ಲೆಂತ್ ನನಗೆ ತುಂಬಾ ಇಷ್ಟ ಆಂಟಿ. ಒನ್ ಇಂಚ್?"

"ಒಂದು ಇಂಚಿಗೆ ಅರ್ಧ ಉಸಿರು."

ನಕ್ಕಳು. ನಕ್ಕಾಗ ಬೆನ್ನಿನ ಒಂದು ಹುಕ್ಕು ಹಾರಿ ವ್ಯಾನಿನ ಗಾಜಿಗೆ ಬಡಿಯಿತು. "ಓಕೆ ಓಕೆ, ಟೂ!" ಎಂದಳು.

ತೋಳಿನ ಜರಿ ಅಂಚನ್ನು ಬಿಚ್ಚಿ ತೆಗೆದಿಟ್ಟು, ಎರಡು ಇಂಚು ಕತ್ತರಿಸಿ, ಅಂಚನ್ನು ಮತ್ತೆ ಕೂರಿಸಿದೆ. ಸಿಕ್ಕ ಪಟ್ಟಿ ಮತ್ತು ಮಡಿಕೆಯ ಬಟ್ಟೆಯಿಂದ ಕಂಕುಳಿಗೆ ಗಾಳಿಪಟದ ಆಕಾರದ ಎರಡು ತುಂಡು ಮಾಡಿ, ಪಕ್ಕದ ಹೊಲಿಗೆಯೊಳಗೆ ಸೇರಿಸಿದೆ. ಕೈ ಇಳಿಸಿದರೆ ಮಡಿಕೆಯಾಗಿ ಅಡಗುತ್ತದೆ, ಎತ್ತಿದರೆ ಬಿಚ್ಚಿಕೊಳ್ಳುತ್ತದೆ. ಬೆನ್ನಿಗೆ ಹೊಸ ಹುಕ್ಕು. ಹೊಲಿಗೆಯ ಮೇಲೆ ಇನ್ನೊಂದು ಹೊಲಿಗೆ. ಮೇಘನಾ ತೊಟ್ಟು, ವ್ಯಾನಿನ ಸೂರು ಮುಟ್ಟುವ ತನಕ ಕೈ ಎತ್ತಿದಳು. ಆದರೆ ವ್ಯಾನಿನ ಸೂರು ತಗ್ಗು. ಮದುಮಗನ ನೆತ್ತಿ ಎತ್ತರ.

ಹೊರಗೆ ಬಂದು ನೋಡಿದರೆ ನೆಂಟರ ಹೆಂಗಸರೆಲ್ಲ ಕೈಯಲ್ಲಿ ಬ್ಲೌಸ್ ಹಿಡಿದು ಸಾಲು ನಿಂತಿದ್ದರು. "ಆಂಟಿ, ಪಕ್ಕದಲ್ಲಿ ಎರಡೇ ಎರಡು ಹೊಲಿಗೆ ಬಿಚ್ಕೊಡಿ, ಪ್ಲೀಸ್." ನಮ್ಮವರು ಸಾಲು ನೇರ ಮಾಡುತ್ತ, "ಧಾರಿ ಸೀರೀಯವರು ಮುಂದ ಬರ್ರಿ, ರಿಸೆಪ್ಷನ್ನವರು ಹಿಂದ," ಎಂದು ಕೂಗುತ್ತಿದ್ದರು. ಲಾಂಡ್ರಿಯ ಸರಳಿನಲ್ಲಿ ಹನ್ನೆರಡು ಬಣ್ಣದ ಬ್ಲೌಸುಗಳು ತೂಗಾಡಿದವು. ಸಂಜೆಯ ಹೊತ್ತಿಗೆ ನನಗೆ ಬೆನ್ನು ಇತ್ತೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ, ಆದರೆ ತಲೆ ಮಾತ್ರ ಎತ್ತಿಯೇ ಇತ್ತು.

ಶನಿವಾರ ಬೆಳಿಗ್ಗೆ ಧಾರೆ. ನಾವು ಹಿಂದಿನ ಸಾಲಿನಲ್ಲಿದ್ದೆವು. ಅಂತರಪಟ ಹಿಡಿದರು, ಮಂತ್ರ ಏರಿತು, ವಾದ್ಯ ಜೋರಾಯಿತು. ಪಟ ಸರಿಯುವ ಹೊತ್ತಿಗೆ ಸರಿಯಾಗಿ ನನ್ನ ಮುಂದಿದ್ದವರೆಲ್ಲ ಎದ್ದು ನಿಂತು ಫೋನು ಎತ್ತಿ ಹಿಡಿದರು. ತುದಿಗಾಲಲ್ಲಿ ನಿಂತೆ. ಕಂಡದ್ದು ಬರೀ ಫೋನುಗಳ ಬೆನ್ನು. ಅಕ್ಷತೆ ಹಾರಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಹೊಲಿಗೆ ಉಳಿಯಿತೋ ಬಿಟ್ಟಿತೋ ನನಗೆ ಕಾಣಲಿಲ್ಲ. ಆಮೇಲೆ ಸಪ್ತಪದಿ, ಫೋಟೊ, ಸೀರೆ ಬದಲಾವಣೆ. ಹುಡುಗಿಯ ಹತ್ತಿರ ಸುಳಿಯಲಾಗಲಿಲ್ಲ. ಪ್ರಭಾ ಓಡುತ್ತಲೇ, "ಊಟ ಮಾಡ್ಕೊಂಡೇ ಹೋಗ್ಬೇಕು," ಎಂದರು. ಬ್ಲೌಸಿನ ಮಾತೇ ಎತ್ತಲಿಲ್ಲ.

"ಹೋಗಿ ಕೇಳಬಾರ್ದೇನು?" ಎಂದರು ನಮ್ಮವರು, ಹೋಳಿಗೆ ಮುರಿಯುತ್ತ.

"ಹೊಲದಾಕಿ ಹೋಗಿ ಹರೀತೇನು ಅಂತ ಕೇಳಬಾರ್ದು ರೀ. ಕೇಳಿದ್ರ ಹರಿಯೂ ಹಂಗ ಹೊಲದಾಳ ಅಂತ ಅರ್ಥ."

ಮೂರು ಗಂಟೆಗೆ ಹೊರಟು, ಲೆಕ್ಸಿಂಗ್ಟನ್ನಿನಲ್ಲಿ ಮತ್ತೆ ನಮ್ಮ ಇಪ್ಪತ್ತೊಂಬತ್ತನೇ ಹೆದ್ದಾರಿ ಹಿಡಿದು, ಅಲ್ಲೇ ರಾತ್ರಿ ಕಳೆದೆವು. ಭಾನುವಾರ ಷಾರ್ಲಟ್ ನಗರವನ್ನು ಬೆಳಿಗ್ಗೆ ಬೇಗ, ಜನ ಏಳುವ ಮೊದಲೇ ದಾಟಿದೆವು. ಪುಟ್ಟ ಗಾಡಿಯವರಿಗೆ ಅದೇ ಸರಿಯಾದ ಹೊತ್ತು. ದಕ್ಷಿಣ ಕೆರೊಲಿನಾದಲ್ಲಿ ರಸ್ತೆ ಬದಿಯಲ್ಲಿ ಬೇಯಿಸಿದ ಹಸಿ ಶೇಂಗಾ ಮಾರುತ್ತಾರೆ, ಒಂದು ಚೀಲ ಆರು ಡಾಲರ್. ಐದಕ್ಕೆ ಕೊಂಡೆ. ಉಪ್ಪು ಸ್ವಲ್ಪ ಹೆಚ್ಚು, ರುಚಿ ಮಾತ್ರ ನಮ್ಮ ಹೊಲದ್ದೇ. ಸ್ಪಾರ್ಟನ್‌ಬರ್ಗ್, ಗ್ರೀನ್‌ವಿಲ್, ಆಂಡರ್ಸನ್. ವ್ಯಾನು ಎಲ್ಲಿಯೂ ಕೆಮ್ಮಲಿಲ್ಲ. ನನ್ನ ಮನಸ್ಸೇ ಒಂದು ಕಡೆ ಸಿಕ್ಕಿಕೊಂಡಿತ್ತು. ಬೇಡವೆಂದರೂ ಆ ಕಂಕುಳಿನ ಹೊಲಿಗೆಯನ್ನು ಮತ್ತೆ ಮತ್ತೆ ಮನಸ್ಸಿನಲ್ಲೇ ಹೊಲಿಯುತ್ತಿದ್ದೆ. ದಾರ ಇನ್ನೊಂದು ಎಳೆ ದಪ್ಪಗಿರಬೇಕಿತ್ತೇ?

ಜಾರ್ಜಿಯಾದ ಗಡಿಯ ಹಾರ್ಟ್‌ವೆಲ್ ಕೆರೆಯ ದಂಡೆಯಲ್ಲಿ ಎಂಜಿನ್ ಆರಲಿ ಎಂದು ನಿಲ್ಲಿಸಿದೆವು. ಅಲ್ಲಿ ಫೋನು ಟಿಂಗ್ ಎಂದಿತು. ಮೇಘನಾ ಒಂದು ಫೋಟೊ ಕಳಿಸಿದ್ದಳು. ಜೊತೆಗೆ ಅವಳ ದನಿ.

"ಆಂಟಿ, ಥ್ಯಾಂಕ್ ಯೂ. ನಾನು ಬ್ಲೌಸ್ ಮರೆತೇ ಹೋದೆ. ಲೈಕ್, ಫುಲ್ ಮದುವೆ, ಒಂದ್ ಸಲನೂ ನೆನಪೇ ಬರಲಿಲ್ಲ."

ನಮ್ಮವರು ಹುಬ್ಬು ಗಂಟಿಕ್ಕಿದರು. "ಹೊಗಳಾಕತ್ತಾಳೋ, ಬೈಯಾಕತ್ತಾಳೋ?"

"ಹೊಗಳಾಕತ್ತಾಳ್ರೀ. ಹೊಲಿಗಿ ಕೆಲಸದೊಳಗ ಇದಕ್ಕಿಂತ ಮ್ಯಾಲ ಮಾತಿಲ್ಲ."

ಫೋಟೊ ತೆರೆದೆವು. ಹುಡುಗಿಯ ಎರಡೂ ತೋಳು ಕಿವಿಯನ್ನು ದಾಟಿ ಮೇಲೆ ಎದ್ದಿವೆ. ಬೆರಳುಗಳು ಆ ಉದ್ದನೆಯ ಹುಡುಗನ ನೆತ್ತಿಯ ಮೇಲಿವೆ. ಬಾಯಿ ತುಂಬ ನಗು. ನಮ್ಮವರು ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು, ಎರಡು ಬೆರಳಿನಿಂದ ಕಂಕುಳಿನ ಭಾಗವನ್ನು ದೊಡ್ಡದು ಮಾಡಿದರು. ಇನ್ನೂ ದೊಡ್ಡದು ಮಾಡಿದರು. ಸೇತುವೆಯ ಬಿರುಕು ಹುಡುಕುವ ಕಣ್ಣು ಅದು.

"ಹೊಲಿಗಿ ಎಲ್ಲೈತಿ ಸುಮಾ? ಕಾಣವಲ್ದಲ್ಲ."

ಹುಡುಕಲಿ ಎಂದು ಬಿಟ್ಟೆ. ಶೇಂಗಾ ಸುಲಿಯುತ್ತ, ನೀರನ್ನು ನೋಡುತ್ತ, ಬಹಳ ಹೊತ್ತು ಹುಡುಕಲು ಬಿಟ್ಟೆ.